ಶಿನ್ಸಾಯ್‌ಬಾಶಿ-ಸುಜಿ: ಒಂದು ಸುತ್ತು ನೋಡೋಕೆ, ಇನ್ನೊಂದು ಸುತ್ತು ಕೊಳ್ಳೋಕೆ

ಜಪಾನಿನ ಒಸಾಕಾ ನಗರದ ನಟ್ಟನಡುವೆ, ಉತ್ತರದ ನಾಗಾಹೊರಿ ರಸ್ತೆಯಿಂದ ದಕ್ಷಿಣದ ದೊತೊಂಬೊರಿ ಕಾಲುವೆಯವರೆಗೆ ಚಾವಣಿ ಹೊದ್ದುಕೊಂಡು ಸಾಗುವ ಅಂಗಡಿ ಬೀದಿ ಶಿನ್ಸಾಯ್‌ಬಾಶಿ-ಸುಜಿ. ಉದ್ದ ಸುಮಾರು 600 ಮೀಟರ್, ಎರಡೂ ಬದಿ ಸೇರಿ ಅಂಗಡಿಗಳು ಸುಮಾರು 180. ಮಳೆ ಬಂದರೂ ನೆನೆಯುವುದಿಲ್ಲ, ಆಗಸ್ಟಿನ ಬಿಸಿಲು ತಲೆಗೆ ತಾಗುವುದಿಲ್ಲ. ಅಡ್ಡರಸ್ತೆಗಳು ಸೇರುವ ಕಡೆ ಮಾತ್ರ ಚಾವಣಿ ಬಿಟ್ಟಿರುತ್ತದೆ. ಅಲ್ಲಿ ಡೆಲಿವರಿ ವ್ಯಾನು, ಸೈಕಲ್ಲು ನುಗ್ಗಿ ಬರುತ್ತವೆ. ಮಕ್ಕಳ ಕೈ ಬಿಡಬಾರದ ಜಾಗ ಅದೊಂದೇ.

ಮೊದಲ ನೂರು ಮೀಟರಿನಲ್ಲೇ ಕೊಳ್ಳೋಕೆ ಶುರುಮಾಡಿದವರಿಗೆ ಈ ಬೀದಿ ದುಬಾರಿ. ಅದೇ ಸನ್‌ಸ್ಕ್ರೀನ್, ಅದೇ ಕಣ್ಣಿನ ಹನಿ, ಅದೇ ಚಾಕೊಲೇಟ್ ಪ್ಯಾಕೆಟ್ಟು ನಾಲ್ಕು ಅಂಗಡಿ ಆಚೆ ನೂರಿನ್ನೂರು ಯೆನ್ ಕಡಿಮೆಗೆ ಸಿಗುವುದು ಇಲ್ಲಿ ಮಾಮೂಲು. ಆದ್ದರಿಂದ ಉತ್ತರದ ತುದಿಯಿಂದ ದಕ್ಷಿಣದ ಸೇತುವೆಯವರೆಗೆ ಒಂದು ಸುತ್ತು ಕೈಬೀಸಿಕೊಂಡು ಹೋಗಿ, ಬೇಕೆನಿಸಿದ್ದರ ಬೆಲೆಯ ಫೋಟೋ ಹೊಡೆದುಕೊಳ್ಳಿ. ಕೊಳ್ಳುವುದು ವಾಪಸ್ ಬರುವಾಗ. ಬೀದಿ ಖಾಲಿ ಇದ್ದರೆ ಹತ್ತು ನಿಮಿಷದ ನಡಿಗೆ. ಶನಿವಾರ ಸಂಜೆಯ ರಶ್ಶಿನಲ್ಲಿ ಅದರ ಎರಡರಷ್ಟಾದರೂ ಹಿಡಿಯುತ್ತದೆ.

ಹೋಗುವುದು ಹೇಗೆ, ಯಾವಾಗ

ಒಸಾಕಾ ಮೆಟ್ರೋದ ಮಿದೋಸುಜಿ ಮಾರ್ಗದಲ್ಲಿ ಶಿನ್ಸಾಯ್‌ಬಾಶಿ ನಿಲ್ದಾಣದ ಸಂಖ್ಯೆ ಎಮ್ 19. ಬುಲೆಟ್ ಟ್ರೇನಿನಲ್ಲಿ ಶಿನ್-ಒಸಾಕಾಗೆ ಬಂದಿಳಿದವರಿಗೆ ಅದೇ ಮಾರ್ಗದಲ್ಲಿ ನೇರ ರೈಲು, ಎಲ್ಲೂ ಬದಲಿಸಬೇಕಿಲ್ಲ, ಟಿಕೆಟ್ಟು 300 ಯೆನ್ ಒಳಗೆ. 1933ರಲ್ಲಿ ಈ ಮಾರ್ಗ ಶುರುವಾದಾಗ ರೈಲು ಉಮೇದಾದಿಂದ ಓಡಿದ್ದು ಇಲ್ಲಿಯವರೆಗೆ ಮಾತ್ರ. ಪ್ಲಾಟ್‌ಫಾರಂ ಮೇಲಿನ ಎತ್ತರದ ಕಮಾನು ಚಾವಣಿ ಆ ಕಾಲದ್ದು. ಇಳಿದವರು ಮೊಬೈಲು ಬಿಟ್ಟು ಒಮ್ಮೆ ತಲೆ ಎತ್ತಿದರೆ ನಷ್ಟವಿಲ್ಲ. ಮುಂದಿನ ನಿಲ್ದಾಣ ನಂಬಾ ಒಂದು ಕಿಲೋಮೀಟರಿಗೂ ಹತ್ತಿರ. ಅಂದರೆ ಬೀದಿ ನಡೆದು ಮುಗಿಸಿದರೆ ಒಂದು ಮೆಟ್ರೋ ನಿಲ್ದಾಣ ದಾಟಿದಂತೆಯೇ.

ಕನ್ಸಾಯ್ ವಿಮಾನ ನಿಲ್ದಾಣದಿಂದ ಬರುವವರು ನಂಕಾಯ್ ರೈಲಿನಲ್ಲಿ ನಂಬಾಕ್ಕೆ ಬಂದು ದಕ್ಷಿಣದ ತುದಿಯಿಂದ ಶುರುಮಾಡಬಹುದು. ಸಾಮಾನ್ಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ಗೆ ಸುಮಾರು 45 ನಿಮಿಷ, ಸಾವಿರ ಯೆನ್‌ಗೂ ಕಡಿಮೆ. ಸೀಟು ಕಾದಿರಿಸುವ ರ‍್ಯಾಪಿಟ್ ರೈಲಿಗೆ ಹೆಚ್ಚು ದುಡ್ಡು ತೆತ್ತರೆ ಉಳಿಯುವುದು ಕೆಲವೇ ನಿಮಿಷ. ದೊಡ್ಡ ಸೂಟ್‌ಕೇಸು ಇದ್ದವರಿಗೆ ಬಿಟ್ಟರೆ ಅದು ಅಗತ್ಯವಿಲ್ಲ.

ಅಂಗಡಿಗಳು ಹೆಚ್ಚಿನವು ತೆಗೆಯುವುದು ಬೆಳಗ್ಗೆ 11ಕ್ಕೆ, ಮುಚ್ಚುವುದು ರಾತ್ರಿ 8 ಅಥವಾ 9ಕ್ಕೆ. ಔಷಧಿ ಅಂಗಡಿಗಳು ಇನ್ನೂ ಒಂದೆರಡು ಗಂಟೆ ತೆರೆದಿರುತ್ತವೆ. ಬೆಳಗ್ಗೆ 9ಕ್ಕೆ ಬಂದರೆ ಕಾಣುವುದು ಎಳೆದ ಶಟರು, ನೆಲ ತೊಳೆಯುವವರು. ಬೀದಿಯ ರೂಪ ನೋಡಬೇಕೆನ್ನುವವರಿಗೆ ಅದು ಒಳ್ಳೆಯ ಹೊತ್ತು, ಕೊಳ್ಳುವವರಿಗೆ ಅಲ್ಲ. ವಾರದ ದಿನ 11ರಿಂದ 2ರವರೆಗೆ ಬಂದರೆ ಸಾವಕಾಶವಾಗಿ ನೋಡಬಹುದು. ಸಂಜೆ 4ರ ಮೇಲೆ ಹೆಗಲಿಗೆ ಹೆಗಲು ತಾಗುತ್ತದೆ.

ಬಾಶಿ ಅಂದರೆ ಸೇತುವೆ, ಆದರೆ ಹೆಸರಿನಲ್ಲಿರುವ ಆ ಸೇತುವೆ ಹುಡುಕಬೇಡಿ. 1622ರಲ್ಲಿ ಒಕಾದಾ ಶಿನ್ಸಾಯ್ ಎಂಬ ವರ್ತಕ ನಾಗಾಹೊರಿ ಕಾಲುವೆಗೆ ಕಟ್ಟಿಸಿದ ಸೇತುವೆಯೇ ಶಿನ್ಸಾಯ್‌ಬಾಶಿ. ಮರದ್ದು ಹೋಗಿ 1873ರಲ್ಲಿ ಕಬ್ಬಿಣದ್ದು, 1909ರಲ್ಲಿ ಕಲ್ಲಿನದು ಬಂತು. 1960ರ ದಶಕದಲ್ಲಿ ಕಾಲುವೆಯನ್ನೇ ಮುಚ್ಚಿ ರಸ್ತೆ ಮಾಡಿದರು. ಈಗ ಆ ರಸ್ತೆಯ ಕೆಳಗೆ ಕ್ರಿಸ್ಟಾ ನಾಗಾಹೊರಿ ಅನ್ನುವ ನೆಲಮಾಳಿಗೆಯ ಅಂಗಡಿ ಸಾಲಿದೆ, 1997ರದು. ಅದರಲ್ಲಿ ಕೊಳ್ಳೋಕೆ ವಿಶೇಷವೇನೂ ಇಲ್ಲ, ಆದರೆ ಶೌಚಾಲಯ ಚೊಕ್ಕಟ, ಗಿರಾಕಿಗಳು ಕಡಿಮೆ. ಚಾವಣಿ ಬೀದಿಯಲ್ಲಿ ಸಾರ್ವಜನಿಕ ಶೌಚಾಲಯವನ್ನಾಗಲಿ ಬೆಂಚನ್ನಾಗಲಿ ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಈ ಮಾತು ನೆನಪಿಡಬೇಕು.

ದೈಮಾರು: ಇಡೀ ಬೀದಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಕಟ್ಟಡ

ಉತ್ತರ ಭಾಗದಲ್ಲಿ ಸಿಗುವ ದೈಮಾರು ಡಿಪಾರ್ಟ್‌ಮೆಂಟ್ ಸ್ಟೋರಿಗೆ ಇಲ್ಲಿನ ನಂಟು 1726ರಿಂದ. 1933ರಲ್ಲಿ ಪೂರ್ಣಗೊಂಡ ಕಟ್ಟಡದ ವಿನ್ಯಾಸ ಅಮೆರಿಕದಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ವಿಲಿಯಂ ಮೆರೆಲ್ ವೋರೀಸ್ ಅವರದು. ಅದನ್ನು ಕೆಡವಿ ಹೊಸದಾಗಿ ಕಟ್ಟಿ 2019ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದರು. ಮಿದೋಸುಜಿ ರಸ್ತೆಯ ಕಡೆಯ ಹಳೆಯ ಮುಖಭಾಗವನ್ನು ಮಾತ್ರ ಹಾಗೇ ಉಳಿಸಿಕೊಂಡರು. ಒಳಗಿನ ಅಲಂಕಾರದಲ್ಲೂ ಹಳೆಯದನ್ನು ಬಿಚ್ಚಿ ಮತ್ತೆ ಕೂರಿಸಿದ್ದು ಸಾಕಷ್ಟಿದೆ. ಚಾವಣಿ ಬೀದಿಯ ಕಡೆಯ ಬಾಗಿಲಿನ ಮೇಲೆ ಸುಟ್ಟ ಮಣ್ಣಿನ ನವಿಲೊಂದು ಗರಿ ಬಿಚ್ಚಿ ನಿಂತಿದೆ. ಕೆಳಗೆ ನೂರಾರು ಜನ ದಾಟಿ ಹೋದರೂ ಮೇಲೆ ನೋಡುವವರು ಅಪರೂಪ.

ಇಲ್ಲೊಂದು ಪಕ್ಕದ ಮಾತು. ಇದೇ ವೋರೀಸ್ ಸ್ಥಾಪಿಸಿದ ಸಂಸ್ಥೆಯೇ ಮೆಂಥೊಲೇಟಂ ಮುಲಾಮನ್ನು ಜಪಾನಿಗೆ ತಂದದ್ದು. ಆಮೇಲೆ 1975ರಲ್ಲಿ ಅದು ಒಸಾಕಾದ ರೋಹ್ತೋ ಕಂಪನಿಯ ಕೈಗೆ ಬಂತು. ಎದುರು ಸಾಲಿನ ಔಷಧಿ ಅಂಗಡಿಯಲ್ಲಿ ಆ ಪುಟ್ಟ ಡಬ್ಬಿ ಕಂಡರೆ, ಅದರ ಹಿಂದೆಯೂ ಈ ನವಿಲಿನ ಕಟ್ಟಡದ ಹಿಂದೆಯೂ ಇರುವ ಹೆಸರು ಒಂದೇ.

ದೈಮಾರು ಮುಖ್ಯವಾಗುವುದು ಮೂರು ಕಾರಣಕ್ಕೆ. ಮೊದಲನೆಯದು ನೆಲಮಾಳಿಗೆಯ ತಿಂಡಿ ವಿಭಾಗ. ಜಪಾನಿ ಸಿಹಿಗಳಲ್ಲಿ ಊರಿಗೆ ಒಯ್ಯೋಕೆ ಸಸ್ಯಾಹಾರಿಗಳಿಗೆ ಹೇಳಿ ಮಾಡಿಸಿದ್ದು ಯೋಕಾನ್: ಕೆಂಪು ಕಾಳಿನ ಹೂರಣ, ಸಕ್ಕರೆ, ಕಡಲಪಾಚಿಯಿಂದ ತೆಗೆದ ಅಗರ್ ಸೇರಿಸಿ ಕುದಿಸಿ ಅಚ್ಚು ಹಾಕಿದ ಗಟ್ಟಿ ಸಿಹಿ. ಅಗರ್ ಇರುವುದರಿಂದ ಪ್ರಾಣಿಗಳಿಂದ ತೆಗೆಯುವ ಜೆಲಟಿನ್ ಭಯವಿಲ್ಲ. ಬಿಗಿಯಾಗಿ ಪ್ಯಾಕ್ ಮಾಡಿದ್ದು ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ತಾಳುತ್ತದೆ. ಕಣ್ಣಿಗೆ ಹಬ್ಬವಾಗಿ ಕಾಣುವ ಹೂವಿನಾಕಾರದ ಹಸಿ ಸಿಹಿಗಳು ಒಂದೆರಡು ದಿನಕ್ಕೇ ಹೋಗುತ್ತವೆ. ಅವನ್ನು ಅಲ್ಲೇ ತಿನ್ನಿ, ಬೆಂಗಳೂರಿಗೆ ತರುವ ಆಸೆ ಬಿಡಿ. ಅಂಗಡಿ ಮುಚ್ಚುವುದು ರಾತ್ರಿ 8ಕ್ಕೆ. ಅದಕ್ಕೆ ಒಂದು ಗಂಟೆ ಮುಂಚಿನಿಂದ ಊಟದ ಡಬ್ಬಿ, ಸಲಾಡುಗಳ ಮೇಲೆ ರಿಯಾಯಿತಿ ಚೀಟಿ ಅಂಟಿಸುತ್ತಾ ಬರುತ್ತಾರೆ. ಕಾದು ನಿಂತವರಿಗೆ ಲಾಭ, ಆದರೆ ಒಳ್ಳೆಯವು ಅಷ್ಟು ಹೊತ್ತಿಗೆ ಖಾಲಿ.

ಎರಡನೆಯದು ಹೊರದೇಶದ ಪ್ರವಾಸಿಗಳಿಗೆ ತೆರಿಗೆ ವಿನಾಯಿತಿ ಕೊಡುವ ಕೌಂಟರು. ಬೇರೆ ಬೇರೆ ವಿಭಾಗಗಳಲ್ಲಿ ಕೊಂಡ ಬಿಲ್ಲುಗಳನ್ನು ಒಟ್ಟುಗೂಡಿಸಿ ಒಂದೇ ಕಡೆ ತೋರಿಸಬಹುದು. ಬೀದಿಯ ಬಿಡಿ ಅಂಗಡಿಗಳಲ್ಲಿ ಆ ಸೌಲಭ್ಯವಿಲ್ಲ, ಪ್ರತಿ ಅಂಗಡಿಯ ಬಿಲ್ಲಿಗೂ ಲೆಕ್ಕ ಬೇರೆ. ಹಾಂ, ಡಿಪಾರ್ಟ್‌ಮೆಂಟ್ ಸ್ಟೋರುಗಳು ತಮ್ಮ ಸೇವಾಶುಲ್ಕ ಅಂತ ಒಂದಿಷ್ಟು ಮುರಿದುಕೊಳ್ಳುವುದುಂಟು, ಪೂರ್ತಿ ಶೇ. 10 ಕೈಗೆ ಬರದಿದ್ದರೆ ಜಗಳಕ್ಕೆ ನಿಲ್ಲಬೇಡಿ.

ಮೂರನೆಯದು ಮಕ್ಕಳು. 9ನೇ ಮಹಡಿಯಲ್ಲಿ ಪೋಕೆಮಾನ್ ಸೆಂಟರ್ ಒಸಾಕಾ ಡಿಎಕ್ಸ್ ಇದೆ. ಅಂಗಡಿಗೆ ಸುಮ್ಮನೆ ಹೋಗಬಹುದು. ಪಕ್ಕದ ಪೋಕೆಮಾನ್ ಕೆಫೆಗೆ ಮುಂಗಡ ಬುಕಿಂಗ್ ಬೇಕೇ ಬೇಕು. ಅದು ತೆರೆಯುವುದು 31 ದಿನ ಮೊದಲು, ಜಪಾನಿನ ಸಂಜೆ 6ಕ್ಕೆ, ಅಂದರೆ ನಮ್ಮ ಮಧ್ಯಾಹ್ನ 2:30ಕ್ಕೆ. ಒಳ್ಳೆಯ ಹೊತ್ತಿನ ಸೀಟುಗಳು ನಿಮಿಷಗಳಲ್ಲಿ ಹೋಗುತ್ತವೆ. ಅಲ್ಲಿ ಹೋಗಿ ಬಾಗಿಲಲ್ಲಿ ಕೇಳಿದರೆ ಮಗು ಅಳುವುದೊಂದೇ ಫಲ. ಸಸ್ಯಾಹಾರಿ ಮಕ್ಕಳಿಗೆ ಅಲ್ಲಿ ಪಾನೀಯ, ಸಿಹಿ ಬಿಟ್ಟರೆ ಹೆಚ್ಚೇನೂ ಇಲ್ಲ.

ಪಕ್ಕದಲ್ಲೇ ಅಂಟಿಕೊಂಡಿರುವ ಪಾರ್ಕೊ ಮಾಲ್ 2020ರ ನವೆಂಬರಿನಲ್ಲಿ ತೆರೆದದ್ದು. ಅದರೊಳಗಿನ ಹ್ಯಾಂಡ್ಸ್ ಅಂಗಡಿಯಲ್ಲಿ ಪೆನ್ನು, ಪುಸ್ತಕ, ಅಡುಗೆಮನೆಯ ಸಣ್ಣಪುಟ್ಟ ಸಾಮಾನು ಚೆನ್ನಾಗಿವೆ. ಒಂದು ಎಚ್ಚರಿಕೆ: ಬರೆದು ಉಜ್ಜಿದರೆ ಅಳಿಸಿಹೋಗುವ ಫ್ರಿಕ್ಸನ್ ಪೆನ್ನಿನ ಶಾಯಿ ಅಳಿಯುವುದು ಬಿಸಿಗೆ, ಸುಮಾರು 60 ಡಿಗ್ರಿ ದಾಟಿದರೆ ಮಾಯ. ಏಪ್ರಿಲಿನಲ್ಲಿ ರಾಯಚೂರಿನ ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಡೈರಿ ಖಾಲಿ ಹಾಳೆಯಾಗುತ್ತದೆ. ಚೆಕ್ಕಿಗೆ, ಅರ್ಜಿಗೆ ಅದನ್ನು ಬಳಸಲೇಬಾರದು. ನೋಟ್ಸು ಬರೆಯುವ ಮಕ್ಕಳಿಗೆ ಮಾತ್ರ ಕೊಡಿ.

ಔಷಧಿ ಅಂಗಡಿಗಳ ಸಾಲು ಮತ್ತು ತೆರಿಗೆಯ ಲೆಕ್ಕ

ನಡುಭಾಗಕ್ಕೆ ಬಂದರೆ ಹತ್ತು ಹೆಜ್ಜೆಗೊಂದು ಡ್ರಗ್‌ಸ್ಟೋರು. ಮಾತ್ಸುಮೊತೊ ಕಿಯೋಶಿ, ದೈಕೊಕು, ಕೊಕುಮಿನ್, ಸನ್‌ಡ್ರಗ್, ಹೀಗೆ. ಬೀದಿಯ ಹಳೆಯ ಗುಣವನ್ನು ಕೆಡಿಸಿದ್ದು ಇವೇ ಅಂತ ಹೇಳಲೇಬೇಕು. ಒಂದು ಕಾಲಕ್ಕೆ ಇಲ್ಲಿ ಸುಮ್ಮನೆ ಅಡ್ಡಾಡುವುದಕ್ಕೇ ಶಿನ್‌ಬುರಾ ಅಂತ ಹೆಸರಿತ್ತು. ಈಗ ಅಡ್ಡಾಡಿದರೆ ಕಾಣುವುದು ಅದೇ ಫೇಸ್‌ಮಾಸ್ಕ್ ಪೆಟ್ಟಿಗೆ, ಕೇಳುವುದು ಅದೇ ಧ್ವನಿವರ್ಧಕ. ಆದರೂ ಸಾಮಾನು ಒಳ್ಳೆಯದು, ಪೈಪೋಟಿಯಿಂದ ಬೆಲೆಯೂ ಕಡಿಮೆ.

ಬೆಲೆಚೀಟಿ ಓದುವುದನ್ನು ಮೊದಲು ಕಲಿಯಿರಿ. ದೊಡ್ಡ ಅಕ್ಷರದಲ್ಲಿ 980 ಇದ್ದು ಕೆಳಗೆ ಚಿಕ್ಕದಾಗಿ 1,078 ಇದ್ದರೆ, ದೊಡ್ಡದು ತೆರಿಗೆ ಸೇರದ್ದು, ಚಿಕ್ಕದು ಶೇ. 10 ಸೇರಿದ್ದು. ತಿಂಡಿ ಮತ್ತು ಮದ್ಯವಲ್ಲದ ಪಾನೀಯಕ್ಕೆ ಕಟ್ಟಿಸಿಕೊಂಡು ಹೋದರೆ ಶೇ. 8, ಅಲ್ಲೇ ಕೂತು ತಿಂದರೆ ಶೇ. 10. ಎರಡು ಅಂಗಡಿಯ ಬೆಲೆ ಹೋಲಿಸುವಾಗ ಒಂದರ ದೊಡ್ಡ ಅಂಕಿಯನ್ನು ಇನ್ನೊಂದರ ಚಿಕ್ಕ ಅಂಕಿಯ ಜೊತೆ ಇಟ್ಟು ನೋಡುವುದು ಸಾಮಾನ್ಯವಾಗಿ ಆಗುವ ಎಡವಟ್ಟು.

ತೆರಿಗೆ ವಿನಾಯಿತಿ ಬೇಕಾದರೆ ಒಂದೇ ಅಂಗಡಿಯಲ್ಲಿ ಒಂದೇ ದಿನ ತೆರಿಗೆ ಸೇರದ ಬೆಲೆ 5,000 ಯೆನ್ ಆದರೂ ಆಗಬೇಕು. ಪಾಸ್‌ಪೋರ್ಟು ಕೈಯಲ್ಲಿರಬೇಕು. ಅದರ ಜೆರಾಕ್ಸು, ಫೋಟೋ ನಡೆಯುವುದಿಲ್ಲ. ಪಾಸ್‌ಪೋರ್ಟು ಗಂಡನದು, ಕಾರ್ಡು ಹೆಂಡತಿಯದು ಅಂದರೂ ಹಲವು ಕೌಂಟರುಗಳಲ್ಲಿ ತಕರಾರು. ಯಾರ ಕಾರ್ಡೋ ಅವರ ಪಾಸ್‌ಪೋರ್ಟು ಕೊಡಿ. ಜಪಾನಿನಲ್ಲೇ ಕೆಲಸದ ವೀಸಾದಲ್ಲಿ ಇರುವ ನಮ್ಮವರಿಗೆ ಈ ವಿನಾಯಿತಿ ಇಲ್ಲ. ಊರಿಂದ ಬಂದ ಅಪ್ಪ ಅಮ್ಮ ತಮಗೆ ಬೇಕಾದ್ದನ್ನು ತಮ್ಮ ಪಾಸ್‌ಪೋರ್ಟಿನಲ್ಲಿ ಕೊಳ್ಳಬಹುದು, ಆದರೆ ಮಗನಿಗೆ ಅಲ್ಲೇ ಬಿಟ್ಟು ಹೋಗೋಕೆ ಅಂತ ಕೊಂಡರೆ ಅದು ನಿಯಮಕ್ಕೆ ವಿರುದ್ಧ.

ಈ ಪದ್ಧತಿ 2026ರ ನವೆಂಬರ್ 1ರಿಂದ ಬದಲಾಗುತ್ತದೆ. ಅಲ್ಲಿಯವರೆಗೆ ಅಂಗಡಿಯಲ್ಲೇ ತೆರಿಗೆ ಬಿಟ್ಟು ಬಿಲ್ ಮಾಡುತ್ತಾರೆ. ತಿಂಡಿ, ಔಷಧಿ, ಕಾಸ್ಮೆಟಿಕ್ಸಿನಂಥ ಬಳಸಿ ಮುಗಿಯುವ ಸಾಮಾನನ್ನು ಸೀಲ್ ಮಾಡಿದ ಚೀಲಕ್ಕೆ ಹಾಕಿ ಕೊಡುತ್ತಾರೆ, ದೇಶ ಬಿಡುವವರೆಗೆ ಬಿಚ್ಚುವಂತಿಲ್ಲ. ಹಾಗಾಗಿ ಇವತ್ತೇ ಹಚ್ಚಿಕೊಳ್ಳುವ ಸನ್‌ಸ್ಕ್ರೀನಿಗೆ ಬೇರೆ ಬಿಲ್ಲು ಮಾಡಿಸಿ. ಹೊಸ ಪದ್ಧತಿಯಲ್ಲಿ ಅಂಗಡಿಯಲ್ಲಿ ತೆರಿಗೆ ಸೇರಿಸಿ ಪೂರ್ತಿ ಕೊಡಬೇಕು. ದೇಶ ಬಿಡುವಾಗ ಕಸ್ಟಮ್ಸ್ ಖಾತ್ರಿ ಮಾಡಿದ ಮೇಲೆ ತೆರಿಗೆ ವಾಪಸ್. ಸೀಲ್ ಚೀಲ ಇರುವುದಿಲ್ಲ, ಆದರೆ ಸಾಮಾನು ತೋರಿಸಿ ಅಂದರೆ ತೋರಿಸಬೇಕು. ಕೊಂಡದ್ದನ್ನೆಲ್ಲ ಸೂಟ್‌ಕೇಸಿಗೆ ತುಂಬಿ ಚೆಕ್-ಇನ್ ಮಾಡಿದ ಮೇಲೆ ಕಸ್ಟಮ್ಸ್ ಕಡೆ ಹೋದರೆ ತೋರಿಸೋಕೆ ಏನೂ ಉಳಿದಿರುವುದಿಲ್ಲ.

ಕೂಪನ್ನುಗಳ ಕಥೆ ಇನ್ನೊಂದು. ಪ್ರವಾಸಿಗಳಿಗೆ ಅಂತ ಶೇ. 3ರಿಂದ 7ರವರೆಗೆ ಕಡಿತದ ಬಾರ್‌ಕೋಡು ಅಂತರ್ಜಾಲದಲ್ಲಿ ಸಿಗುತ್ತದೆ. ಕಡಿತ ಎಷ್ಟು ಅನ್ನುವುದು ಬಿಲ್ಲಿನ ಮೊತ್ತದ ಮೇಲೆ. ಕೂಪನ್ ಕಡಿತ ಮೊದಲು, 5,000ದ ಲೆಕ್ಕ ಆಮೇಲೆ. ತೆರಿಗೆ ಸೇರದೆ 5,200 ಯೆನ್ ಸಾಮಾನು ಇದೆ ಅಂದುಕೊಳ್ಳಿ. ಶೇ. 5 ಕೂಪನ್ ಹಾಕಿದರೆ 4,940ಕ್ಕೆ ಇಳಿಯಿತು, ವಿನಾಯಿತಿ ತಪ್ಪಿತು, ಮೇಲೆ ಶೇ. 10 ತೆರಿಗೆ ಬಿದ್ದು 5,434 ಕೊಡಬೇಕಾಯಿತು. ಕೂಪನ್ ತೋರಿಸದೆ ಇದ್ದಿದ್ದರೆ 5,200ಕ್ಕೇ ಮುಗಿಯುತ್ತಿತ್ತು. ಅಂಚಿನಲ್ಲಿದ್ದಾಗ ಒಂದು ಚಾಕೊಲೇಟ್ ಹೆಚ್ಚಿಗೆ ಬುಟ್ಟಿಗೆ ಹಾಕಿ, ಇಲ್ಲವೇ ಕೂಪನ್ ಮರೆತುಬಿಡಿ.

ಔಷಧಿಗಳಲ್ಲಿ ಒಂದನೇ ದರ್ಜೆಯವು ಫಾರ್ಮಸಿಸ್ಟ್ ಎದುರಿಗಿದ್ದರೆ ಮಾತ್ರ ಸಿಗುತ್ತವೆ. ನೋವಿನ ಮಾತ್ರೆ ಲೊಕ್ಸೊನಿನ್ ಎಸ್ ಅಂಥದ್ದು. ರಾತ್ರಿ ಅಂಗಡಿ ತೆರೆದಿದ್ದರೂ ಆ ಕಪಾಟಿಗೆ ಪರದೆ ಎಳೆದಿದ್ದರೆ ಫಾರ್ಮಸಿಸ್ಟ್ ಮನೆಗೆ ಹೋದರು ಅಂತ ಅರ್ಥ, ನಾಳೆ ಹಗಲು ಬನ್ನಿ. 100 ಮಿಲಿಲೀಟರ್ ಮೀರಿದ ದ್ರವ, ಕ್ರೀಮು ಏನಿದ್ದರೂ ಚೆಕ್-ಇನ್ ಲಗೇಜಿಗೆ. ಸೀಲ್ ಚೀಲದಲ್ಲಿದೆ ಅಂದಮಾತ್ರಕ್ಕೆ ಕ್ಯಾಬಿನ್ನಿಗೆ ಬಿಡುವುದಿಲ್ಲ.

ಬಟ್ಟೆ, ಶೂ, ಕರೆಂಟಿನ ಸಾಮಾನು

ಶೂ ಅಳತೆ ಇಲ್ಲಿ ಪಾದದ ಸೆಂಟಿಮೀಟರಿನಲ್ಲಿ. ಬರುವ ಮುನ್ನ ಮನೆಯಲ್ಲಿ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಹೆಬ್ಬೆರಳ ತುದಿಯವರೆಗೆ ಅಳೆದುಕೊಳ್ಳಿ, ಸಂಜೆ ಅಳೆದರೆ ಮೇಲು. ನಮ್ಮಲ್ಲಿ 8 ಅನ್ನುವುದು ಅಸಿಕ್ಸ್‌ನಲ್ಲಿ, ಅದರದೇ ಒನಿತ್ಸುಕಾ ಟೈಗರ್‌ನಲ್ಲಿ 27ರ ಆಸುಪಾಸು. ಒನಿತ್ಸುಕಾದ ತೆಳು ಅಟ್ಟೆಯ ಶೂಗಳು ಅಗಲ ಪಾದದವರಿಗೆ ಬಿಗಿ, ಅರ್ಧ ಅಳತೆ ಮೇಲಿನದೂ ಹಾಕಿ ನೋಡಿ. ಬಟ್ಟೆಯಲ್ಲಿ ಜಪಾನಿನ ಎಲ್ ನಮ್ಮ ಎಮ್‌ಗೆ ಹತ್ತಿರ. ಟ್ರಯಲ್ ರೂಮಿನ ನೆಲ ಒಂದು ಗೇಣು ಎತ್ತರಿಸಿ ಕಾರ್ಪೆಟ್ ಹಾಕಿದ್ದರೆ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಟಿಶ್ಯೂ ಥರದ ಬಿಳಿ ಮುಸುಕೊಂದನ್ನು ಇಟ್ಟಿರುತ್ತಾರೆ. ಟೀ ಶರ್ಟಿಗೆ ಮೇಕಪ್ ಹತ್ತದಿರಲಿ ಅಂತ ಅದನ್ನು ತಲೆಯಿಂದ ಗಲ್ಲದವರೆಗೆ ಎಳೆದುಕೊಂಡು ಬಟ್ಟೆ ಹಾಕಬೇಕು, ಅದರ ಮೂಲಕ ಉಸಿರಾಡಬಹುದು, ಮಸುಕಾಗಿ ಕಾಣುತ್ತದೆ ಕೂಡ.

ಚೌಕಾಸಿ? ಕಮರ್ಷಿಯಲ್ ಸ್ಟ್ರೀಟಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಬೆಲೆ ಅಂದರೆ ಬೆಲೆ. ದುಡ್ಡು ಕೊಡುವಾಗಲೂ ಕೈಗೆ ಕೊಡಬೇಡಿ, ಕೌಂಟರಿನ ಪುಟ್ಟ ತಟ್ಟೆಗೆ ಇಡಿ. ಪ್ಲಾಸ್ಟಿಕ್ ಚೀಲಕ್ಕೆ 2020ರ ಜುಲೈಯಿಂದ ದುಡ್ಡು ಕೊಡಬೇಕು, ಮಡಚುವ ಬಟ್ಟೆ ಚೀಲವೊಂದು ಜೊತೆಗಿರಲಿ.

ಅಡುಗೆಗೆ ಒಳ್ಳೆಯ ರೈಸ್ ಕುಕ್ಕರ್ ತರೋಣ ಅನ್ನುವವರು ತುಸು ತಡೆಯಿರಿ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಅಲ್ಲಿನ ಮಾಮೂಲಿ ಕುಕ್ಕರನ್ನೋ ಹೇರ್‌ಡ್ರೈಯರನ್ನೋ ಇಲ್ಲಿ ಪಿನ್ ಬದಲಿಸಿ ಸಿಕ್ಕಿಸಿದರೆ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಸಾವಿರ ವ್ಯಾಟಿನ ಕುಕ್ಕರಿಗೆ ಒಂದೂವರೆ ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕವೇ ಕುಕ್ಕರಿಗಿಂತ ಹೆಚ್ಚು. ಹೊರದೇಶಕ್ಕೆ ಅಂತಲೇ ಮಾಡಿದ 220ರಿಂದ 240 ವೋಲ್ಟಿನ ಮಾದರಿಗಳು ನಂಬಾದ ಬಿಕ್ ಕ್ಯಾಮೆರಾದಂಥ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಪೆಟ್ಟಿಗೆಯ ಮೇಲಲ್ಲ, ಕುಕ್ಕರಿನ ತಳದ ಚೀಟಿಯಲ್ಲಿ ವೋಲ್ಟ್ ನೋಡಿ. ಕ್ಯಾಮೆರಾ, ಫೋನ್ ಚಾರ್ಜರುಗಳು ಸಾಮಾನ್ಯವಾಗಿ 100ರಿಂದ 240ರವರೆಗೆ ಓಡುತ್ತವೆ, ಅವಕ್ಕೆ ಪಿನ್ ಬದಲಿಸಿದರೆ ಸಾಕು.

ಇನ್ನು ಕಾರ್ಡು. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ಹೊರಡುವ ಮುನ್ನ ಬ್ಯಾಂಕಿನ ಆ್ಯಪಿನಲ್ಲಿ ಅಂಗಡಿ, ಎಟಿಎಂ, ಟ್ಯಾಪ್ ಮೂರನ್ನೂ ಬೇರೆ ಬೇರೆಯಾಗಿ ತೆರೆಯಿರಿ. ಯಂತ್ರ ರೂಪಾಯಿಯೋ ಯೆನ್ನೋ ಅಂತ ಕೇಳಿದರೆ ಯೆನ್ ಒತ್ತಿ. ರೂಪಾಯಿ ಒತ್ತಿದರೆ ಅವರ ದರ, ಅವರ ಲಾಭ. ನಗದು ಬೇಕಾದರೆ ಸೆವೆನ್-ಇಲೆವೆನ್‌ನ ಎಟಿಎಂ. ಗೊಂಬೆ ಉರುಳಿಸುವ ಗಾಚಾಪೋನ್ ಯಂತ್ರಗಳಿಗೆ 100 ಯೆನ್ ನಾಣ್ಯವೇ ಬೇಕಾಗುವುದು ಹೆಚ್ಚು, ಹತ್ತಿರದಲ್ಲೇ ನೋಟು ಮುರಿಸುವ ಯಂತ್ರ ಇರುತ್ತದೆ.

ಸೇತುವೆ ಮತ್ತು ಹೊಟ್ಟೆಪಾಡು

ದಕ್ಷಿಣದ ತುದಿ ಎಬಿಸುಬಾಶಿ ಸೇತುವೆ. ಎದುರಿಗೆ ಎರಡೂ ಕೈ ಎತ್ತಿ ಓಡುವ ಗ್ಲಿಕೋ ಓಟಗಾರ, ಅಂದರೆ ಗ್ಲಿಕೋ ಮಿಠಾಯಿ ಕಂಪನಿಯ ಜಾಹೀರಾತು ಫಲಕ. ಮೊದಲ ಫಲಕ 1935ರದು, ಈಗಿನದು 2014ರ ಅಕ್ಟೋಬರಿನಿಂದ ಇರುವ ಆರನೆಯದು, ಎಲ್‌ಇಡಿ, 20 ಮೀಟರ್ ಎತ್ತರ. ಹಗಲು ಹೊತ್ತು ಅದು ಬರಿಯ ದೊಡ್ಡ ಬೋರ್ಡು. ಕತ್ತಲಾದ ಮೇಲೆ ಬನ್ನಿ, ಮಧ್ಯರಾತ್ರಿಗೆ ಆರಿಸುತ್ತಾರೆ. ಸೇತುವೆಯ ಮೇಲೆ ನೂಕುನುಗ್ಗಲು, ಫೋಟೋ ತೆಗೆಯುವ ಸರದಿಗೆ ಯಾವ ನಿಯಮವೂ ಇಲ್ಲ. ಕೆಳಗೆ ಕಾಲುವೆಯ ದಂಡೆಗೆ ಇಳಿದರೆ ಜಾಗವೂ ಸಿಗುತ್ತದೆ, ಓಟಗಾರ ಪೂರ್ತಿಯೂ ಬರುತ್ತಾನೆ. ಸೊಎಮೊನ್‌ಚೊ ಕಡೆಯ ಅಡ್ಡಬೀದಿಗಳಲ್ಲಿ ರಾತ್ರಿ ಬಾರಿಗೆ ಕರೆಯುವವರು ಬೆನ್ನುಬೀಳುತ್ತಾರೆ. ನಿಂತು ಮಾತಾಡದೆ ಮುಂದೆ ನಡೆಯಿರಿ. ಬೀದಿಯಲ್ಲಿ ಸಿಗರೇಟು ಸೇದಿದರೆ 1,000 ಯೆನ್ ದಂಡ. 2025ರ ಜನವರಿಯಿಂದ ಒಸಾಕಾ ನಗರದ ಎಲ್ಲ ರಸ್ತೆಗಳಿಗೂ ಈ ನಿಷೇಧ ಇದೆ.

ಊಟದ ವಿಷಯದಲ್ಲಿ ಮಾಂಸ ತಿನ್ನುವವರಿಗೆ ಇದು ಸ್ವರ್ಗ, ಅವರಿಗೆ ನಮ್ಮ ಸಲಹೆ ಬೇಕಿಲ್ಲ. ಆಕ್ಟೊಪಸ್ ತುಂಡು ಹಾಕಿ ಬೇಯಿಸಿದ ಹಿಟ್ಟಿನ ಉಂಡೆ ತಕೊಯಾಕಿಯ ಒಳಗು ಕುದಿಯುವಷ್ಟು ಬಿಸಿ ಇರುತ್ತದೆ, ಇಡಿಯಾಗಿ ಬಾಯಿಗೆ ಹಾಕದೆ ಕಡ್ಡಿಯಿಂದ ಚುಚ್ಚಿ ಹಬೆ ಬಿಡಿ. ಅಷ್ಟೇ.

ಸಸ್ಯಾಹಾರಿಗಳಿಗೆ ಮಾತ್ರ ಈ ಬೀದಿ ಕಷ್ಟದ್ದು. ತಕೊಯಾಕಿಯಲ್ಲಿ ಆಕ್ಟೊಪಸ್ ತೆಗೆದು ಚೀಸ್ ಹಾಕಿಸಿದರೂ ಹಿಟ್ಟನ್ನೇ ದಾಶಿಯಲ್ಲಿ, ಅಂದರೆ ಮೀನಿನ ಸಾರಿನಲ್ಲಿ ಕಲಸಿರುತ್ತಾರೆ. ಎಲೆಕೋಸು ಹಾಕಿದ ದಪ್ಪ ದೋಸೆಯಂಥ ಒಕೊನೊಮಿಯಾಕಿಯೂ ಹಾಗೇ. ಗೋಧಿಯ ದಪ್ಪ ನೂಡಲ್ಸ್ ಆದ ಉದೊನ್ ಸಾರಿನ ಬುಡವೇ ಅದು. ಬರೀ ಮಾಂಸ ಬೇಡ ಅಂದರೆ ಮೀನಿನ ಸಾರು ಬಂದೇ ಬರುತ್ತದೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ಹೀಗೆ ಹೇಳಿ: ನಿಕು, ಸಕಾನಾ, ಕಾತ್ಸುಒ ದಾಶಿ ನಾಶಿ ದೆ ಒನೆಗಾಯ್ ಶಿಮಸು. ಮಾಂಸ, ಮೀನು, ಮೀನಿನ ಸಾರು ಇಲ್ಲದೆ ಕೊಡಿ ಅಂತ. ಆಗುವುದಿಲ್ಲ ಅಂದರೆ ಒತ್ತಾಯಿಸಬೇಡಿ, ಹಿಟ್ಟು ಬೆಳಗ್ಗೆಯೇ ಕಲಸಿಟ್ಟಿರುತ್ತಾರೆ.

ಪ್ಯಾಕೆಟ್ಟಿನ ಹಿಂದಿನ ಅಲರ್ಜಿ ಪಟ್ಟಿ ನಂಬಿ ಕೊಳ್ಳುವುದೂ ಅಪಾಯ. ಅಲ್ಲಿ ಕಡ್ಡಾಯವಾಗಿ ಬರೆಯಬೇಕಾದ್ದು ಕೆಲವೇ: ಮೊಟ್ಟೆ, ಹಾಲು, ಗೋಧಿ, ಸೋಬಾ (ಬಕ್ವೀಟ್), ಕಡಲೆಕಾಯಿ, ಸೀಗಡಿ, ಏಡಿ, ಅಕ್ರೋಟು, ಇಂಥವು. ಸಾರಿಗೆ ಬಳಸುವ ಕಾತ್ಸುಒ ಮೀನು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪಟ್ಟಿಯಲ್ಲಿ ಮೀನಿಲ್ಲ ಅಂತ ಆಲೂಗಡ್ಡೆ ಚಿಪ್ಸೋ ಅಕ್ಕಿ ಉಂಡೆಯೋ ತಿಂದರೆ ಮೀನಿನ ಸತ್ವ ಹೊಟ್ಟೆಗೆ ಹೋಗಿರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಪೂರ್ತಿ ಪದಾರ್ಥಪಟ್ಟಿಯನ್ನೇ ಅನುವಾದಿಸಿ ಓದಬೇಕು. ಗಮ್ಮಿ ಮಿಠಾಯಿಯಲ್ಲಿ ಜೆಲಟಿನ್ ಇರುವುದು ಸಾಮಾನ್ಯ.

ಹಾಗಾದರೆ ತಿನ್ನುವುದೇನು? ಅಕ್ಕಿ ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿದ ದೈಫುಕು ಬಹುಪಾಲು ಸುರಕ್ಷಿತ. ಮೊಟ್ಟೆ ತಿನ್ನುವವರಾದರೆ ಮೀನಿನ ಆಕಾರದ ತೈಯಾಕಿ, ಒಳಗೆ ಕೆಂಪು ಕಾಳಿನ ಹೂರಣ. ಮೀನು ಆಕಾರಕ್ಕಷ್ಟೇ. ಕೊಕೊ ಇಚಿಬಾನ್ಯಾ ಸರಣಿಯ ಕೆಲವು ಮಳಿಗೆಗಳಲ್ಲಿ ಪ್ರಾಣಿಜನ್ಯ ಪದಾರ್ಥ ಹಾಕದ ಕರಿ ಸಿಗುತ್ತದೆ, ಮೆನುವಿನಲ್ಲಿ ಪ್ರತ್ಯೇಕ ಹಾಳೆ ಕೇಳಿ, ಮಾಮೂಲಿ ತರಕಾರಿ ಕರಿ ತರಿಸಿಕೊಳ್ಳಬೇಡಿ. ಸೇತುವೆ ದಾಟಿ ಎಬಿಸುಬಾಶಿ-ಸುಜಿಯಲ್ಲಿ ನಂಬಾ ಕಡೆ ನಡೆದರೆ ರಿಕುರೊ ಓಜಿಸಾನ್‌ನ ಚೀಸ್‌ಕೇಕ್, ಸಾವಿರ ಯೆನ್ ಆಸುಪಾಸಿಗೆ ಇಡೀ ಕೇಕು. ಮೊಟ್ಟೆ ಇದೆ, ತಳದಲ್ಲಿ ಒಣದ್ರಾಕ್ಷಿ. ಎರಡು ಸಾಲು ಇರುತ್ತವೆ: ಉದ್ದದ್ದು ಈಗಷ್ಟೇ ಒಲೆಯಿಂದ ಬಂದದ್ದಕ್ಕೆ, ಚಿಕ್ಕದು ಮೊದಲೇ ಮಾಡಿಟ್ಟದ್ದಕ್ಕೆ. ಹೋಟೆಲಿಗೆ ಒಯ್ದು ತಿನ್ನುವವರು ಚಿಕ್ಕ ಸಾಲಿನಲ್ಲೇ ನಿಲ್ಲಿ, ಫ್ರಿಜ್ಜಿನಲ್ಲಿ ತಣಿದ ಮೇಲೆ ಎರಡೂ ಒಂದೇ.

ಕಸದ ಬುಟ್ಟಿ ಸಿಗುವುದಿಲ್ಲ. ತಿಂದ ಕಡ್ಡಿ, ದೊನ್ನೆಯನ್ನು ಕೊಂಡ ಅಂಗಡಿಗೇ ವಾಪಸ್ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಅಂಗಡಿ ಮುಂದೆಯೇ ನಿಂತು ತಿಂದು ಮುಗಿಸಿ.

ಬೀದಿಯಿಂದ ಆಚೆ ಹೆಜ್ಜೆ ಇಡುವವರಿಗೆ ಎರಡು ಜಾಗ. ಮಿದೋಸುಜಿ ಪಕ್ಕ ಮಿತ್ಸುದೆರಾ ಅನ್ನುವ ಬೌದ್ಧ ದೇವಾಲಯವಿದೆ. ಇನ್ನೂರು ವರ್ಷ ದಾಟಿದ ಅದರ ಮರದ ಮಂಟಪವನ್ನು ಉಳಿಸಿಕೊಂಡು ಅದರ ಮೇಲೆಯೇ ಹೋಟೆಲ್ ಎಬ್ಬಿಸಿದ್ದಾರೆ. ಭೂಮಿಯ ಬೆಲೆ ಎಷ್ಟಿರಬಹುದು ಅಂತ ಆ ಕಟ್ಟಡ ನೋಡಿದರೆ ತಿಳಿಯುತ್ತದೆ. ಇನ್ನೊಂದು ನಂಬಾದ ಪೂರ್ವಕ್ಕೆ, ಹೋಟೆಲ್ ಪಾತ್ರೆ ಪರಿಕರಗಳ ದೋಗುಯಾಸುಜಿ. ಚಾಕು ಕೊಳ್ಳುವುದಾದರೆ ಶಿನ್ಸಾಯ್‌ಬಾಶಿಯ ಗಾಜಿನ ಪೆಟ್ಟಿಗೆಗಳನ್ನು ಬಿಟ್ಟು ಅಲ್ಲಿಗೆ ಹೋಗಿ. ತರಕಾರಿ ಹೆಚ್ಚೋಕೆ ಚಪ್ಪಟೆ ಬಾಯಿಯ ನಕಿರಿ, ಎಲ್ಲಕ್ಕೂ ಆಗುವ ಸಂತೋಕು. ಕಾರ್ಬನ್ ಸ್ಟೀಲು ಹರಿತ, ಆದರೆ ಹುಣಸೆ, ನಿಂಬೆ ತಾಗಿದ ಕೂಡಲೇ ಒರೆಸದಿದ್ದರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ನಮ್ಮ ಅಡುಗೆಮನೆಗೆ ಸ್ಟೇನ್‌ಲೆಸ್ಸೇ ಸರಿ. ಚಾಕು ಚೆಕ್-ಇನ್ ಲಗೇಜಿಗೆ ಮಾತ್ರ.

ಲಗೇಜು ಎಳೆದುಕೊಂಡು ಈ ಬೀದಿಗೆ ಬರಲೇಬೇಡಿ. ಶಿನ್ಸಾಯ್‌ಬಾಶಿ, ನಂಬಾ ನಿಲ್ದಾಣಗಳ ಲಾಕರುಗಳಲ್ಲಿ ದೊಡ್ಡವು ವಾರಾಂತ್ಯದಲ್ಲಿ ಮಧ್ಯಾಹ್ನದೊಳಗೆ ತುಂಬುತ್ತವೆ. ಹೋಟೆಲ್ ಖಾಲಿ ಮಾಡಿದ ಮೇಲೂ ಪೆಟ್ಟಿಗೆಯನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಬರಬಹುದು, ಅದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಭಾರ ಜಾಸ್ತಿಯಾದರೆ ಹೋಟೆಲಿನಿಂದಲೇ ತಕ್ಕ್ಯುಬಿನ್ ಕೊರಿಯರ್‌ನಲ್ಲಿ ವಿಮಾನ ನಿಲ್ದಾಣಕ್ಕೆ ಕಳಿಸಿ. ಕನಿಷ್ಠ ಹಿಂದಿನ ದಿನ ಕೊಡಬೇಕು, ವಿಮಾನ ಬೆಳಗಿನದಾದರೆ ಎರಡು ದಿನ ಮೊದಲು. ಹೊಸ ತೆರಿಗೆ ಪದ್ಧತಿ ಬಂದ ಮೇಲೆ ವಾಪಸಾತಿಯ ಸಾಮಾನನ್ನು ಆ ಪೆಟ್ಟಿಗೆಯ ತಳಕ್ಕೆ ತುಂಬದೆ, ಕಸ್ಟಮ್ಸ್ ಮುಂದೆ ತೆಗೆದು ತೋರಿಸುವಂತೆ ಮೇಲಿಡಿ.